ನೀರಲ್ಲಿ ನಿಂತ ಒಣ ಬೂಟು

ಪೈಪು ಸೋರಲು ಶುರುವಾದ ದಿನ ನನಗೆ ಖುಷಿಯಾಗಿತ್ತು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶಿವರಾತ್ರಿ ಕಳೆದ ವಾರ, ಬೆಳಿಗ್ಗೆ ಎದ್ದು ಮನೆ ಪಕ್ಕದ ಸಂದಿಗೆ ಹೋದರೆ, ಗೋಡೆಯಿಂದ ಎರಡು ಮೊಳ ಆಚೆ ನೆಲ ಒಂದು ಮೊರದಗಲ ಒದ್ದೆಯಾಗಿತ್ತು. ಪುರಸಭೆ ನೀರು, ಸುಮ್ಮನೆ ಹೋಗುತ್ತದಲ್ಲ ಅಂತ ನಾನು ಅಲ್ಲಿ ನಾಲ್ಕು ಕೆಸುವಿನ ಗೆಡ್ಡೆ ಊರಿದೆ. ಎಲೆ ಬಂತು. ಎರಡು ಸಲ ಸಾರು ಮಾಡಿ ಅತ್ತಿಗೆಗೂ ಕೊಟ್ಟೆ, ಅವಳು ಹುಳಿ ಕಮ್ಮಿಯಾಯ್ತು ಅಂದಳು. ಈಗ ಆ ಸಾರು ನೆನೆದರೆ ಮೈ ಉರಿಯುತ್ತದೆ.

ಆ ಪೈಪು ಹಾಕಿದವನು ಕಂಟ್ರಾಕ್ಟರ್ ಗುರುಮಲ್ಲಪ್ಪ. ಹಿಂದಿನ ವರ್ಷ ನೀರು ಬಿಡುವ ದಿನ ನಲ್ಲಿಗೆ ಹೂವಿನ ಹಾರ ಹಾಕಿ, ಮೈಕು ಹಿಡಿದುಕೊಂಡು, ‘ಇದು ನನ್ನ ಪೈಪು, ನನ್ನ ಮೊಮ್ಮಕ್ಕಳೂ ಇದರ ನೀರೇ ಕುಡೀತಾರೆ’ ಅಂದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ, ಆದರೆ ಅರ್ಧ ಮನಸ್ಸಿನಿಂದ. ಯಾಕೆಂದರೆ ನಮ್ಮ ಸಂದಿಯಲ್ಲಿ ಪೈಪಿಗೆ ಪೈಪು ಕೂಡಿಸಿದ ಮಧ್ಯಾಹ್ನ ನಾನು ಜಗಲಿ ಮೇಲೇ ಕೂತಿದ್ದೆ. ಒಳಗೆ ಹಾಕಬೇಕಾದ ರಬ್ಬರ್ ರಿಂಗು ಮುಗಿದುಹೋಗಿತ್ತು. ಕೆಲಸದವರು ಫೋನಿನಲ್ಲಿ ಕೇಳಿದರು, ಆ ಕಡೆಯಿಂದ ಅವನು ಏನೋ ಹೇಳಿದ. ಅವರು ಗೋಣಿನಾರು ಸುತ್ತಿ, ಡಾಂಬರು ಬಳಿದು, ಮಣ್ಣು ಮುಚ್ಚಿದರು. ಬಿಸಿಲಿತ್ತು ಅಂತ ನಾನು ಅವರಿಗೆ ಮಜ್ಜಿಗೆ ಕೊಟ್ಟೆ. ಇದೇನಪ್ಪಾ ಹೀಗೆ ಅಂತ ಒಂದು ಮಾತು ಕೇಳಲಿಲ್ಲ.

ನಮ್ಮೂರಿನವರಿಗೆ ಹೇಳಬೇಕಾಗಿಲ್ಲ, ಹೊರಗಿನವರು ಯಾರಾದರೂ ಓದಿದರೆ ಇರಲಿ ಅಂತ ಬರೆಯುತ್ತಿದ್ದೇನೆ. ನಮ್ಮಲ್ಲಿ ಯಾವುದನ್ನಾದರೂ ನಾಲ್ಕು ಜನರ ಮುಂದೆ ‘ನನ್ನದಲ್ಲ’ ಅಂದುಬಿಟ್ಟರೆ, ಇಲ್ಲಾ ಕಾಗದದ ಮೇಲೆ ಹಾಗೆ ಬರೆದದ್ದಕ್ಕೆ ಸಹಿ ಹಾಕಿದರೆ, ಅದು ಆಮೇಲೆ ಅವರ ಪಾಲಿಗೆ ಇರುವುದಿಲ್ಲ. ಕಣ್ಣಿಗೆ ಕಾಣದು, ಕೈಗೆ ಸಿಗದು. ಉಳಿದವರಿಗೆ ಇದ್ದ ಹಾಗೇ ಇರುತ್ತದೆ. ಅದಕ್ಕೇ ಇಲ್ಲಿ ಮೇಷ್ಟ್ರು ‘ಈ ಪೆನ್ಸಿಲ್ ಯಾರದು’ ಅಂದರೆ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ತಲೆ ಅಲ್ಲಾಡಿಸುತ್ತಾರೆ. ದೊಡ್ಡವರು ‘ನೋಡೋಣ ಇರಿ’ ಅನ್ನುತ್ತೇವೆ. ಗಾಣದ ಬೀದಿಯ ತಮ್ಮಯ್ಯ ಸಿಟ್ಟಿನಲ್ಲಿ ಅತ್ತೆಯನ್ನು ಹಾಗಂದುಬಿಟ್ಟು, ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಅವಳನ್ನು ಕಾಣದೇ ಇದ್ದ. ಆ ಮುದುಕಿ ಅಷ್ಟು ವರ್ಷ ನೆಮ್ಮದಿಯಾಗಿ ಉಂಡಳು ಅಂತ ಜನ ನಗುತ್ತಾರೆ.

ವಾಪಸ್ ಪಡೆಯಲಿಕ್ಕೂ ದಾರಿ ಇದೆ. ಬಿಟ್ಟದ್ದು ಇರುವ ಜಾಗಕ್ಕೆ ಕೈಯಿಟ್ಟು, ನಾಲ್ಕು ಜನರ ಮುಂದೆ ‘ನನ್ನದು’ ಅನ್ನಬೇಕು. ಅಂದ ಕೂಡಲೇ, ಬಿಟ್ಟ ದಿನದಿಂದ ಆವತ್ತಿನವರೆಗೆ ಅದರಿಂದ ಏನೇನು ಬರಬೇಕಾಗಿತ್ತೋ ಅದೆಲ್ಲ ಒಂದೇ ಸಲ ಮೈಮೇಲೆ ಬರುತ್ತದೆ. ತಮ್ಮಯ್ಯ ಅತ್ತೆಯ ಕೊನೆಗಾಲಕ್ಕೆ ‘ನಮ್ಮವಳು’ ಅಂದ. ಹನ್ನೊಂದು ವರ್ಷದ ಬೈಗುಳ ಒಟ್ಟಿಗೆ ಕೇಳಿ ಅವನ ಒಂದು ಕಿವಿ ಹೋಯಿತು. ಹಾಗಾಗಿ ಅಂಥಾ ಧೈರ್ಯ ಮಾಡುವವರು ಕಡಿಮೆ.

ನನ್ನದೂ ಒಂದಿದೆ. ಹತ್ತೊಂಬತ್ತು ವರ್ಷಕ್ಕೆ ನಮ್ಮಣ್ಣಂದಿರು ಒಂದು ಕಾಗದ ತಂದು, ‘ಕಂದಾಯದ್ದು ಕಣೆ, ಒತ್ತು’ ಅಂದರು. ಹೆಬ್ಬೆಟ್ಟು ಒತ್ತಿದೆ. ಬೆರಳೆತ್ತಿ ತಲೆಯೆತ್ತುವಷ್ಟರಲ್ಲಿ ನನ್ನ ತವರುಮನೆ ಇರಲಿಲ್ಲ. ಬೀದಿಯಲ್ಲಿ ನಿಂತಿದ್ದೆ, ಎಡಕ್ಕೊಂದು ಮನೆ, ಬಲಕ್ಕೊಂದು ಮನೆ, ನಡುವೆ ಬರೀ ಬಯಲು. ಆಮೇಲೆ ನಮ್ಮಮ್ಮನನ್ನು ನೋಡಬೇಕಾದರೆ ಅವಳು ನೀರಿಗೋ ಅಂಗಡಿಗೋ ಹೊರಗೆ ಬರುವ ತನಕ ಬೀದಿಯಲ್ಲಿ ಕಾಯುತ್ತಿದ್ದೆ. ಐವತ್ತೆರಡು ವರ್ಷಕ್ಕೆ ನಾನು ರಾತ್ರಿ ಶಾಲೆಗೆ ಸೇರಿದಾಗ ಎಲ್ಲರೂ ಈ ವಯಸ್ಸಿಗೆ ಯಾಕೆ ಅಂದರು. ಬಸ್ಸಿನ ಬೋರ್ಡು ಓದಲಿಕ್ಕೆ ಅಂದೆ. ಸುಳ್ಳು. ಯಾವ ಕಾಗದದಲ್ಲಿ ಏನು ಬರೆದಿದೆ ಅಂತ ಕೊನೇ ಅಕ್ಷರದವರೆಗೂ ಓದಲಿಕ್ಕೆ.

ಈಗ ಪೈಪಿಗೆ ಬರುತ್ತೇನೆ. ಮೂರು ತಿಂಗಳಿಗೆ ಮೊರದಗಲದ ಒದ್ದೆ ಚಾಪೆಯಗಲವಾಯಿತು. ನೀರಗಂಟಿ ಹನೀಫ, ಅಂದರೆ ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಡುವವನು, ಬಂದು ಕೂತು ಮಣ್ಣು ಕೆದಕಿ ನೋಡಿ, ‘ಅವ್ವಾ, ಕೆಸ ಕಿತ್ತಾಕಿ. ಇದು ಜಾಯಿಂಟೇ ಬಾಯಿ ಬಿಟ್ಟದೆ’ ಅಂದ. ನಾನು ಗುರುಮಲ್ಲಪ್ಪನ ಮನೆಗೆ ಹೋದೆ. ಅವನು ಇಬ್ಬರನ್ನು ಕಳಿಸಿ ಸೈಕಲ್ ಟ್ಯೂಬು ಸುತ್ತಿಸಿ ತಂತಿ ಬಿಗಿಸಿದ. ಮೂರು ದಿನ ನಿಂತಿತು. ನಾಲ್ಕನೇ ದಿನ ನೀರು ಬಿಟ್ಟಾಗ ಟ್ಯೂಬು ಕಪ್ಪೆಯ ಗಂಟಲಿನ ಹಾಗೆ ಉಬ್ಬಿ ಪಟ್ ಅಂತ ಹರಿಯಿತು. ಆಮೇಲೆ ಅದು ಸೋರುವುದಲ್ಲ, ಉಕ್ಕುವುದು.

ಸಂದಿಯ ಆ ಪಕ್ಕ ನಮ್ಮ ಹಿಂದಿನ ಕೋಣೆಯ ಮಣ್ಣಿನ ಗೋಡೆ. ಆ ಕೋಣೆಯಲ್ಲಿ ನನ್ನ ಅತ್ತಿಗೆ ಗಿರಿಯಮ್ಮ ಇದ್ದಾಳೆ, ನಮ್ಮ ಯಜಮಾನರ ಅಕ್ಕ. ಎಪ್ಪತ್ತೆಂಟು ವರ್ಷ. ಹೋದ ಕಾರ್ತೀಕದಲ್ಲಿ ಬಿದ್ದು ಸೊಂಟದ ಮೂಳೆ ಮುರಿದು ಮಂಚ ಹಿಡಿದಿದ್ದಳು. ಗೋಡೆ ಒದ್ದೆಯಾದರೆ ಮಂಚ ನಡುಮನೆಗೆ ಎಳೆದುಕೊಂಡರಾಯಿತು ಅಂತ ಯಾರಾದರೂ ಅಂದುಕೊಳ್ಳಬಹುದು. ಆಗುವ ಹಾಗಿರಲಿಲ್ಲ. ಅದಕ್ಕೆ ಕಾರಣ ನಾನು.

ನಲವತ್ತು ವರ್ಷದ ಹಿಂದೆ ಗಂಡ ಸತ್ತು ಅವಳು ತಮ್ಮನ ಮನೆಗೆ ಬಂದಳು, ಒಂದು ತಗಡಿನ ಟ್ರಂಕು ತಂದಿದ್ದಳು. ನಡುಮನೆಯಲ್ಲಿಟ್ಟಳು. ನಾನು, ಆಗ ನನಗೆ ಬಾಯಿ ಜಾಸ್ತಿ, ‘ಇದು ನಡುಮನೆ, ಉಗ್ರಾಣ ಅಲ್ಲ’ ಅಂದೆ. ಅವಳು ಟ್ರಂಕು ಎತ್ತಿಕೊಂಡು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, ಬಂದಿದ್ದ ನೆಂಟರೆಲ್ಲರ ಮುಂದೆ, ‘ಈ ನಡುಮನೆ ನನ್ನದಲ್ಲ ಕಣೆ. ನೀನೇ ಕಟ್ಕೊಂಡು ಸಾಯಿ’ ಅಂದಳು. ಅಷ್ಟೇ. ಆವತ್ತಿನಿಂದ ಆ ಹೊಸ್ತಿಲ ಆಚೆ ಅವಳಿಗೆ ಏನೂ ಇಲ್ಲ. ಕಾಲಿಡಲಿಕ್ಕೆ ನೆಲವೂ ಇಲ್ಲ. ಹಿತ್ತಲ ಬಾಗಿಲಲ್ಲೇ ಓಡಾಡಿದಳು. ನಮ್ಮ ಯಜಮಾನರು ಕಾಯಿಲೆಬಿದ್ದು ಹನ್ನೊಂದು ತಿಂಗಳು ನಡುಮನೆಯಲ್ಲಿ ಮಲಗಿದರು. ಸಂಜೆ ಹೊತ್ತು ಕುರ್ಚಿಯಲ್ಲಿ ಕೂರಿಸಿ ಹಿತ್ತಲಿಗೆ ಹೊತ್ತೊಯ್ಯುತ್ತಿದ್ದೆವು, ಅಕ್ಕನ ಮುಖ ನೋಡಲಿ ಅಂತ. ಕೊನೇ ಮೂರು ವಾರ ಕೂರಿಸಲಿಕ್ಕೂ ಆಗಲಿಲ್ಲ. ಅವಳು ತಮ್ಮನನ್ನು ನೋಡಿದ್ದು ಹೆಣ ಬೀದಿಗೆ ಬಂದ ಮೇಲೆ. ಈಗ ಆ ನಡುಮನೆಯನ್ನು ‘ನನ್ನದು’ ಅಂದರೆ ಆ ಹನ್ನೊಂದು ತಿಂಗಳು, ಆ ಸಾವು, ನಲವತ್ತು ವರ್ಷದ್ದೆಲ್ಲ ಒಂದು ಉಸಿರಿನಲ್ಲಿ ಬರುತ್ತದೆ. ಆ ಮುರಿದ ಮೈಗೆ ಅದನ್ನು ಹೊರು ಅಂತ ನಾನು ಯಾವ ಬಾಯಿಂದ ಹೇಳಲಿ? ಗೋಡೆ ನಿಲ್ಲಬೇಕಾಗಿತ್ತು, ಬೇರೆ ದಾರಿ ಇರಲಿಲ್ಲ.

ಪುರಸಭೆಗೆ ಅರ್ಜಿ ಬರೆದುಕೊಂಡು ಹೋದೆ, ನನ್ನ ಕೈಯಲ್ಲೇ ಬರೆದದ್ದು. ಅಲ್ಲಿ ಜೆಇ ಸುಧೀಂದ್ರ ಅಂತ ಒಬ್ಬರು ಇಂಜಿನಿಯರು, ಹೊರಗಿನಿಂದ ಬಂದವರು, ಆದರೆ ಬಂದ ತಿಂಗಳಿಗೇ ನಮ್ಮೂರಿನ ಮರ್ಮ ಕಲಿತವರು. ಅವರ ಮೇಜಿನ ಮೇಲೆ ‘ಇದು ಇಲಾಖೆಗೆ ಸೇರಿದ್ದಲ್ಲ’ ಅಂತ ಒಂದು ರಬ್ಬರ್ ಸ್ಟಾಂಪೇ ಇದೆ. ಗುದ್ದಿ, ಕೆಳಗೆ ಸಹಿ ಹಾಕುತ್ತಾರೆ. ಊರಿನ ಎಷ್ಟೋ ಗುಂಡಿ, ಎಷ್ಟೋ ಕೊಳೆತ ಚರಂಡಿ ಅವರಿಗೆ ಕಾಣುವುದಿಲ್ಲ. ಅವರ ಕಣ್ಣಿಗೆ ನಮ್ಮೂರು ಬಹಳ ಚೆನ್ನಾಗಿದೆ.

ನಾನು ಹೋದಾಗ ಗುರುಮಲ್ಲಪ್ಪನೂ ಅಲ್ಲಿದ್ದ. ‘ಎರಡು ವರ್ಷ ದುರಸ್ತಿ ನಿಮ್ಮದೇ ಅಂತ ಕರಾರಿನಲ್ಲಿದೆ ಗುರುಮಲ್ಲಪ್ಪನವರೇ’ ಅಂದರು ಜೆಇ. ‘ಇದೆ ಸಾರ್. ಆದ್ರೆ ಪೈಪ್ ಮೇಲೆ ರೋಡ್ ರೋಲರ್ ಹತ್ತಿಸಿದೋರು ಯಾರು? ನಾನಾ? ನಿಮ್ಮ ಆಫೀಸಿನ ರೋಲರು’ ಅಂದ ಅವನು. ‘ರಿಂಗ್ ಇಲ್ಲದ ಜಾಯಿಂಟು ರೋಲರ್ ಹತ್ತದೇ ಇದ್ದರೂ ಬಿಡುತ್ತೆ.’ ‘ರಿಂಗ್ ಇಲ್ಲ ಅಂದೋರು ಯಾರು? ತೋರಿಸಿ ಸಾರ್ ಅವರನ್ನ.’ ನಾನು ಮೂಲೆಯ ಬೆಂಚಿನಿಂದ, ‘ನಾನು ನೋಡಿದ್ದೀನಿ. ಗೋಣಿನಾರು ತುರುಕಿದರು’ ಅಂದೆ. ಗುರುಮಲ್ಲಪ್ಪ ನನ್ನ ಕಡೆ ತಿರುಗಿ ನಕ್ಕ. ‘ಅಜ್ಜಿ, ನಿನಗೆ ಗೋಣಿನಾರೂ ಒಂದೇ ತಲೆಗೂದಲೂ ಒಂದೇ, ಕಣ್ಣು ಪೊರೆ ಬಂದದೆ’ ಅಂದ. ‘ಪೊರೆ ತೆಗೆಸಿ ಎರಡು ವರ್ಷ ಆಯ್ತು ಕಣಪ್ಪಾ. ನಿಂದು ಯಾವಾಗ ತೆಗೆಸ್ತೀಯ’ ಅಂದೆ. ಆಫೀಸಿನವರೆಲ್ಲ ನಕ್ಕರು. ಅದಕ್ಕೇ ಇರಬೇಕು ಅವನಿಗೆ ಕೋಪ ಬಂದದ್ದು. ಗುಮಾಸ್ತನನ್ನು ಕರೆದು, ‘ಬರೀರಿ ಪದ್ಮನಾಭಯ್ಯ. ವಾಲ್ವ್ ಗುಂಡಿಯಿಂದ ಆಚೆ ನನ್ನದೇನೂ ಅಲ್ಲ ಅಂತ ಗಟ್ಟಿಯಾಗಿ ಬರೀರಿ. ನಮಗೂ ಬರ್ತದೆ ಈ ಆಟ’ ಅಂದ. ಪದ್ಮನಾಭಯ್ಯ ಬರೆದರು. ಅವನು ಓದಲಿಲ್ಲ. ನನ್ನ ಎದುರಿಗೇ, ಒಂದಕ್ಷರ ಓದದೆ, ಸರಕ್ಕನೆ ಸಹಿ ಎಳೆದ. ಅದನ್ನು ನೋಡಿ ಜೆಇ ತಮ್ಮ ಸ್ಟಾಂಪು ತೆಗೆದು, ‘ಹಾಗಾದರೆ ಇದು ನಮಗೂ ಸೇರಿದ್ದಲ್ಲ’ ಅಂತ ಗುದ್ದಿದರು.

ಮರುದಿನ ಸ್ಥಳ ಪರಿಶೀಲನೆ ಅಂತ ಇಬ್ಬರೂ ಬಂದರು. ಅದನ್ನು ಮಾತ್ರ ನಾನು ಸಾಯುವವರೆಗೂ ಮರೆಯುವುದಿಲ್ಲ. ಸಂದಿಯಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ಇಬ್ಬರೂ ಅದರ ನಡುವೆ ನಿಂತರು. ಬೂಟು ಒಣಗಿದ್ದು ಒಣಗಿದ ಹಾಗೇ ಇತ್ತು. ನೀರು ಅವರ ಬೂಟಿನ ಸುತ್ತ ಸುತ್ತಿಕೊಂಡು ಹೋಗುತ್ತಿತ್ತು, ಚರ್ಮಕ್ಕೆ ತಾಗುತ್ತಿರಲಿಲ್ಲ. ‘ಎಲ್ಲಮ್ಮಾ ನೀರು?’ ಅಂದರು ಜೆಇ. ‘ನೀವು ನಿಂತಿರೋದು ಎಲ್ಲಿ ಸ್ವಾಮಿ?’ ಅಂದೆ. ‘ರಸ್ತೆ ಮೇಲೆ. ಒಣಗಿದೆಯಲ್ಲ.’ ನಾನು ಬೊಗಸೆಯಲ್ಲಿ ಆ ಕೆಸರು ನೀರು ಮೊಗೆದು ಗುರುಮಲ್ಲಪ್ಪನ ಮುಖಕ್ಕೆ ಎರಚಿದೆ. ಅವನು ರೆಪ್ಪೆ ಕೂಡ ಬಡಿಯಲಿಲ್ಲ. ‘ಯಾಕಜ್ಜಿ ಕೈ ಬೀಸ್ತೀಯ, ನೊಣವಾ?’ ಅಂದ. ಅಣಕಿಸುತ್ತಿದ್ದಾನೆ ಅಂದುಕೊಂಡೆ. ಇಲ್ಲ, ಅವನ ಕಣ್ಣು ನಿಜವಾಗಿ ಕೇಳುತ್ತಿತ್ತು. ಸುಳ್ಳು ಹೇಳುವವನನ್ನು ಬೈಯಬಹುದು, ನಾಚಿಕೆಪಡಿಸಬಹುದು. ಕೆಸರಿನ ನಡುವೆ ನಿಂತು, ಅದು ಇಲ್ಲ ಅಂತ ಪ್ರಾಮಾಣಿಕವಾಗಿ ನಂಬಿದವನನ್ನು ಏನು ಮಾಡುವುದು? ಕೆಸರಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಬಂದೆ.

ಅತ್ತಿಗೆ ಮಂಚದ ಮೇಲಿನಿಂದ, ‘ಹೋದರಾ ಒಣಕಾಲಿನೋರು?’ ಅಂದಳು. ‘ಹೋದರು.’ ‘ಗೋಡೆ ಮುಟ್ಟಿ ನೋಡೆ.’ ಮುಟ್ಟಿದೆ. ನೆಲದಿಂದ ಮೊಳಕಾಲೆತ್ತರಕ್ಕೆ ಅದು ನೆನೆದ ಬೆಲ್ಲದ ಹಾಗಿತ್ತು, ಬೆರಳು ಒಳಗೆ ಹೋಯಿತು. ‘ನೀನು ಸುಮ್ಮನಿದ್ದರೆ ನನಗೆ ಗೊತ್ತಾಗೋದಿಲ್ವಾ’ ಅಂದಳು. ಆವತ್ತಿಂದ ಹನೀಫನೂ ನಾನೂ ಮರಳು ಚೀಲ ಇಟ್ಟೆವು, ಹಲಗೆ ಆನಿಸಿದೆವು, ಚರಂಡಿ ಕಡೆಗೆ ಕಾಲುವೆ ತೋಡಿದೆವು. ನಾವೇ ಪೈಪು ಅಗೆದು ಸರಿಮಾಡೋಣ ಅಂದರೆ, ಪುರಸಭೆಯ ಆಸ್ತಿ ಮುಟ್ಟಿದರೆ ಹನೀಫನ ಕೆಲಸ ಹೋಗುತ್ತದೆ ಅಂತ ಜೆಇ ಎಚ್ಚರಿಕೆ ಕೊಟ್ಟರು. ಸೋರುವಾಗ ಇಲಾಖೆಗೆ ಸೇರಿದ್ದಲ್ಲ, ಮುಟ್ಟುವಾಗ ಇಲಾಖೆಯ ಆಸ್ತಿ!

ಹೀಗಿರುವಾಗ ಒಂದು ದಿನ ಹನೀಫ ಹೊಟ್ಟೆ ಹಿಡಿದುಕೊಂಡು ನಗುತ್ತಾ ಬಂದ. ‘ಅವ್ವಾ, ಗುರುಮಲ್ಲಪ್ಪ ನನ್ನ ಮೇಲೆ ಕಂಪ್ಲೇಂಟ್ ಕೊಟ್ಟವ್ರೆ. ಅವರ ಮನೆಗೆ ನಾನು ನೀರೇ ಬಿಡ್ತಿಲ್ಲವಂತೆ. ಸೊಸೆ ನೋಡಿದರೆ ತೊಟ್ಟಿ ತುಂಬಿ ತುಳುಕ್ತಾ ಅದೆ ಅಂತಾಳೆ. ಇವರು ನಲ್ಲಿ ತಿರುಗಿಸಿದರೆ ಒಂದು ತೊಟ್ಟಿಲ್ಲ. ಕಾಫಿ ಲೋಟ ಕೊಟ್ಟರೆ ಬರೀ ಹಾಲು ಅದೆ ಅಂತ ಬೈತಾರಂತೆ. ವಾರದಿಂದ ಸ್ನಾನ ಇಲ್ಲ, ಎಳನೀರು ಕುಡ್ಕೊಂಡು ಬದುಕವ್ರೆ.’ ನಾನೂ ನಕ್ಕೆ. ನಗುತ್ತಾ ನಗುತ್ತಾ ನನಗೆ ಆ ಸಹಿ ನೆನಪಾಯಿತು, ಓದದೆ ಸರಕ್ಕನೆ ಎಳೆದದ್ದು.

ಪದ್ಮನಾಭಯ್ಯನವರ ಮುಂದಿನ ಬೆಂಚಿನ ಮೇಲೆ ನಾಲ್ಕು ದಿನ ಕೂತೆ. ಐದನೇ ದಿನ ಅವರಿಗೇ ಬೇಜಾರಾಗಿ ಆ ಕಾಗದದ ನಕಲು ಕೊಟ್ಟರು. ಸಾಲಿನ ಕೆಳಗೆ ಬೆರಳಿಟ್ಟು ಓದಿದೆ, ರಾತ್ರಿ ಶಾಲೆಯಲ್ಲಿ ಕಲಿಸಿದ ಹಾಗೆ. ‘ಸದರಿ ವಾಲ್ವ್ ಗುಂಡಿಯಿಂದ ಮುಂದಿನ ಕೊಳವೆಯಾಗಲಿ, ಅದರಲ್ಲಿ ಹರಿಯುವ ನೀರಾಗಲಿ, ಅದರಿಂದ ಉಂಟಾಗುವ ಯಾವುದೇ ಪರಿಣಾಮವಾಗಲಿ ನನ್ನದಲ್ಲವೆಂದು ಈ ಮೂಲಕ ತಿಳಿಯಪಡಿಸುತ್ತೇನೆ.’ ಗಟ್ಟಿಯಾಗಿ ಬರೀರಿ ಅಂದಿದ್ದನಲ್ಲ, ಗಟ್ಟಿಯಾಗೇ ಬರೆದಿದ್ದರು. ಗುರುಮಲ್ಲಪ್ಪನ ಹೊಸ ಮನೆ ಇರುವುದು ವಾಲ್ವ್ ಗುಂಡಿಯಿಂದ ಮುಂದೆ, ನಮ್ಮ ಮನೆ ದಾಟಿ ಆರನೆಯದು. ತನ್ನ ಮನೆಯ ನೀರನ್ನೇ ಅವನು ಸಹಿ ಹಾಕಿ ಬಿಟ್ಟುಕೊಟ್ಟಿದ್ದ.

ಆವತ್ತೇ ಹೋಗಿ ಅವನಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ. ಬಾಯಾರಲಿ, ಇನ್ನೂ ಸ್ವಲ್ಪ ಬಾಯಾರಲಿ, ತಾನಾಗೇ ಹುಡುಕಿಕೊಂಡು ಬರಲಿ ಅಂದುಕೊಂಡೆ. ನನ್ನ ತಾಳ್ಮೆಯನ್ನು ಬೀದಿಯವರೆಲ್ಲ ಹೊಗಳುತ್ತಾರೆ. ಆ ಸಲ ಅದು ತಾಳ್ಮೆಯಾಗಿರಲಿಲ್ಲ, ಚಪಲವಾಗಿತ್ತು. ಅವನ ಒಣಗಿದ ತುಟಿಯನ್ನು ನೆನೆದುಕೊಂಡು ನಾನು ಹನ್ನೆರಡು ದಿನ ಸುಖವಾಗಿ ಉಂಡೆ. ಆ ಹನ್ನೆರಡು ದಿನವೂ ಗೋಡೆ ನೆನೆಯುತ್ತಿತ್ತು.

ಹನ್ನೆರಡನೇ ದಿನ ಮಧ್ಯಾಹ್ನ, ಆಷಾಢದ ಗಾಳಿ. ನಾನು ಒಲೆ ಮುಂದಿದ್ದೆ. ಸದ್ದು ದೊಡ್ಡದಾಗೇನೂ ಬರಲಿಲ್ಲ, ಯಾರೋ ಹಿಟ್ಟಿನ ಮೂಟೆ ಕೆಳಗಿಟ್ಟ ಹಾಗೆ ಧಪ್ ಅಂತು. ಹೋಗಿ ನೋಡಿದರೆ ಗೋಡೆಯ ಅರ್ಧ ಸಂದಿಗೆ ಕುಸಿದಿತ್ತು, ಇನ್ನರ್ಧ ಅತ್ತಿಗೆಯ ಮಂಚದ ಕಾಲಿನ ಮೇಲೆ ಬಿದ್ದು ಅದು ಮುರಿದಿತ್ತು. ಮೇಲಿನ ತೊಲೆ ಒಂದು ಕಡೆ ಆಸರೆ ಕಳೆದುಕೊಂಡು ಕಿರ್‍ ಅನ್ನುತ್ತಿತ್ತು. ಹಿತ್ತಲ ಬಾಗಿಲ ಮುಂದೆ ಮಣ್ಣಿನ ರಾಶಿ. ನನ್ನ ಕೂಗಿಗೆ ಹನೀಫ ಬಂದ, ಪಕ್ಕದ ಮನೆಯ ಗಂಡ ಹೆಂಡತಿ ಬಂದರು. ನಾಲ್ಕೂ ಜನ ಮಂಚ ಎತ್ತಿದೆವು. ಹೋಗಲಿಕ್ಕೆ ಇದ್ದದ್ದು ಒಂದೇ ಕಡೆ, ನಡುಮನೆ.

ಹೊಸ್ತಿಲ ಹತ್ತಿರ ಬರುತ್ತಿದ್ದಂತೆ ಅತ್ತಿಗೆ ಕಿರುಚಿದಳು. ‘ತಳ ಇಲ್ಲ ಕಣ್ರೋ ಅಲ್ಲಿ! ತಳ್ಳಬೇಡಿ, ಬೀಳ್ತೀನಿ!’ ಮಂಚದ ಪಟ್ಟಿ ಹಿಡಿದು ಹಿಂದಕ್ಕೆ ಜಗ್ಗಿದಳು. ನಾವು ನಿಂತೆವು. ತಲೆ ಮೇಲಿಂದ ಮಣ್ಣು ಉದುರುತ್ತಿತ್ತು. ಹನೀಫ, ‘ದೊಡ್ಡವ್ವಾ, ನಾನು ಹಿಡ್ಕಂಡಿದ್ದೀನಿ, ಬೀಳಲ್ಲ’ ಅಂದ. ನಾನು ಅವಳ ಕಿವಿ ಹತ್ತಿರ ಬಾಗಿ, ‘ಅತ್ತಿಗೆ, ಆವತ್ತು ಆ ಮಾತು ಆಡಿಸಿದೋಳು ನಾನು. ಟ್ರಂಕಿನ ತಪ್ಪು ನಂದು’ ಅಂದೆ. ನಲವತ್ತು ವರ್ಷ ಅದನ್ನು ಹೇಳಿರಲಿಲ್ಲ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ‘ಈಗ ಹೇಳ್ತೀಯ ಮುದುಕಿ, ಗೋಡೆ ಬಿದ್ದ ಮೇಲೆ’ ಅಂದಳು. ಆಮೇಲೆ ಕೈ ಚಾಚಿ, ಅವಳ ಕಣ್ಣಿಗೆ ಏನೂ ಇಲ್ಲದ ಆ ಕಡೆ, ಬಾಗಿಲ ಚೌಕಟ್ಟಿಗೆ ಅಂಗೈ ಒತ್ತಿ ಅಂದಳು: ‘ನನ್ನದು. ನನ್ನ ತಮ್ಮನ ಮನೆ ನನ್ನದು.’

ಮಂಚ ಒಳಗೆ ಬಂತು. ಹೊಸ್ತಿಲು ದಾಟಿದ ಕೂಡಲೇ ಅವಳ ಮೈ ಬಿಲ್ಲಿನ ಹಾಗೆ ಎದ್ದಿತು. ಬಾಯಿಂದ ಬಂದದ್ದು ಅಳು ಅಲ್ಲ, ನಮ್ಮ ಯಜಮಾನರ ಹೆಸರು. ಅವರು ಆಗ ತಾನೇ ಸತ್ತಂತೆ, ಆಮೇಲೆ ಇನ್ನೊಮ್ಮೆ, ಕಾಯಿಲೆಯ ಒಂದೊಂದು ದಿನಕ್ಕೆ ಒಂದೊಂದು ಸಲ. ಸಂಜೆಯವರೆಗೂ ಕೂಗಿದಳು. ನಾನು ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಎರಡು ದಿನ ಮಾತಿಲ್ಲ, ನೀರಿಲ್ಲ. ಮೂರನೇ ದಿನ ಕಣ್ಣು ಬಿಟ್ಟು ಗೋಡೆ, ಮಾಡು, ಗೂಡು ಎಲ್ಲ ಸುತ್ತಿ ನೋಡಿ, ‘ಇಷ್ಟು ಚಿಕ್ಕದಾ ಇದು? ಇದಕ್ಕಾ ನಾವು ಜಗಳ ಆಡಿದ್ದು?’ ಅಂದಳು. ನಾನು ಹೊರಗೆ ಹೋಗಿ ಅತ್ತೆ.

ಅತ್ತು ಮುಗಿದ ಮೇಲೆ ಬಂದ ಸಿಟ್ಟು ಬೇರೆ ಥರದ್ದು. ಮೊದಲಿನದು ಕುದಿಯುತ್ತಿತ್ತು, ಇದು ಕಲ್ಲಿನ ಹಾಗೆ ಕೂತಿತು. ಎಪ್ಪತ್ತೆಂಟರ ಮುದುಕಿ, ಸೊಂಟ ಮುರಿದವಳು, ನಲವತ್ತು ವರ್ಷವನ್ನು ಒಂದೇ ಏಟಿಗೆ ಹೊತ್ತಳು. ಈ ಗಟ್ಟಿಮುಟ್ಟಾದ ಗಂಡಸಿಗೆ ಒಂದು ತಿಂಗಳ ನೀರು ಹೊರಲಿಕ್ಕಾಗದಾ?

ಗುರುಮಲ್ಲಪ್ಪ ತಾನಾಗೇ ಬಂದ, ಆ ವಾರವೇ. ನೀರು ಯಾಕೆ ಸಿಗುತ್ತಿಲ್ಲ ಅಂತ ಅವನಿಗೆ ಪದ್ಮನಾಭಯ್ಯ ಹೇಳಿದ್ದರಂತೆ. ಅಂಗಿ ಕೊಳೆಯಾಗಿತ್ತು, ತುಟಿ ಬಿರಿದಿತ್ತು, ಮೈ ವಾಸನೆ ಬರುತ್ತಿತ್ತು. ಜೊತೆಗೆ ಜೆಇ, ಸಾಕ್ಷಿಗೆ ಅಂತ. ಸಂದಿಯಲ್ಲಿ ಜನ ಸೇರಿದರು. ಅವನು ಒಂದು ಕಾಗದ ಚಾಚಿ, ‘ಅಜ್ಜಿ, ಆದದ್ದು ಆಯ್ತು. ಗೋಡೆ ಕಟ್ಟಿಸಿಕೊಡ್ತೀನಿ. ಇದಕ್ಕೆ ದೊಡ್ಡಜ್ಜಿದೊಂದು ಹೆಬ್ಬೆಟ್ಟು, ನಿಂದೊಂದು ಸಹಿ ಹಾಕಿ ಸಾಕು’ ಅಂದ. ‘ಯಾತಕ್ಕೆ?’ ‘ಏನಿಲ್ಲ, ಮಾಮೂಲಿ ಕಾಗದ.’

ಮಾಮೂಲಿ ಕಾಗದ. ನಮ್ಮಣ್ಣಂದಿರೂ ಹೀಗೇ, ಇದೇ ದನಿಯಲ್ಲಿ ಅಂದಿದ್ದರು. ನಾನು ಜಗಲಿ ಮೇಲೆ ಕೂತು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದೆ. ಜನ ಕಾದರು. ಅವನು ಚಡಪಡಿಸಿದ. ಮೂರನೇ ಸಾಲಿನಲ್ಲಿ ಸಿಕ್ಕಿತು: ಗುರುಮಲ್ಲಪ್ಪನಿಗೆ ಕೊಳವೆಯ ನೀರು ಮಾತ್ರ ಸೇರಿದ್ದು, ಜಾಯಿಂಟು ಸೇರಿದ್ದಲ್ಲ. ಐದನೇ ಸಾಲಿನಲ್ಲಿ: ಸದರಿ ಮನೆಯ ಹಿಂದಿನ ಕೋಣೆಗೆ ಆದ ನಷ್ಟ ನಮ್ಮ ಲೆಕ್ಕಕ್ಕೆ ಸೇರಿದ್ದು, ಅದರ ಬಗ್ಗೆ ನಮ್ಮ ತಕರಾರು ಏನೂ ಇಲ್ಲ. ಗಟ್ಟಿಯಾಗಿ ಓದಿದೆ, ಎಲ್ಲರಿಗೂ ಕೇಳಲಿ ಅಂತ. ‘ನೀರು ಬೇಕು, ಸೋರಿಕೆ ಬೇಡ. ಅಲ್ವೇನಪ್ಪಾ?’ ಅಂದೆ.

‘ಅಜ್ಜಿ, ಸ್ವಲ್ಪ ನೀವೂ ಹೊಂದಿಕೊಳ್ಳಬೇಕು. ಎಲ್ಲಾ ನನ್ನ ತಲೆ ಮೇಲೇ ಹಾಕಿದರೆ ಹೆಂಗೆ?’ ಅಂದ.

‘ನಿನ್ನ ತಲೆ ಮೇಲೆ ಏನು ಬಿದ್ದದೆ? ಅತ್ತಿಗೆ ಮಂಚದ ಮೇಲೆ ಗೋಡೆ ಬಿದ್ದದೆ. ನಿನ್ನ ತಲೆ ಮೇಲೆ ಏನು ಬಿದ್ದದೆ, ಹೇಳು!’ ನನ್ನ ದನಿ ಅಷ್ಟು ಎತ್ತರಕ್ಕೆ ಹೋಗುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಪಕ್ಕದ ಮನೆಯ ನಾಯಿ ಎದ್ದು ಆಚೆ ಹೋಯಿತು. ಅವನ ಕಾಗದವನ್ನು ಮಡಿಸಿ ಅವನ ಜೇಬಿಗೇ ತುರುಕಿದೆ. ಒಳಗಿಂದ ನನ್ನ ರಾತ್ರಿ ಶಾಲೆಯ ನೋಟ್‌ಬುಕ್ಕು ತಂದು, ಒಂದು ಹಾಳೆ ಹರಿದು, ನಾನೇ ಬರೆದೆ. ನನ್ನ ಅಕ್ಷರ ದೊಡ್ಡದು, ಒಂದೊಂದು ಸಾಲಿಗೆ ನಾಲ್ಕೇ ಪದ ಹಿಡಿಯುತ್ತದೆ. ‘ಈ ಪೈಪು ನನ್ನದು. ಗೋಣಿನಾರು ತುರುಕಿದ ಜಾಯಿಂಟು ನನ್ನದು. ಸೋರಿದ ನೀರು ನನ್ನದು. ಬಿದ್ದ ಗೋಡೆ ನನ್ನದು. ಇನ್ನು ಮುಂದೆ ಸೋರಿದರೂ ನನ್ನದು.’

‘ಓದು’ ಅಂದೆ. ‘ಸಹಿ ಹಾಕ್ತೀನಿ ಕೊಡಿ’ ಅಂದ. ‘ಸಹಿ ಆಮೇಲೆ. ಮೊದಲು ಓದು. ಕೈ ಆ ಜಾಯಿಂಟಿನ ಗುಂಡಿಯೊಳಗಿಡು.’ ಅವನು ಜನರ ಮುಖ ನೋಡಿದ. ಯಾರೂ ಕಣ್ಣು ತಪ್ಪಿಸಲಿಲ್ಲ. ಜಗಲಿ ಕಂಬದ ಹತ್ತಿರ ಹನೀಫ ಒಂದು ತಂಬಿಗೆ ನೀರು ಹಿಡಿದು ನಿಂತಿದ್ದ, ಗುರುಮಲ್ಲಪ್ಪನಿಗೆ ಅದು ಖಾಲಿ ತಂಬಿಗೆ. ಅದನ್ನು ನೋಡಿ ಅವನು ಉಗುಳು ನುಂಗಿದ. ಪಂಚೆ ಮಡಿಸಿ ಕೂತು, ಅವನ ಪಾಲಿಗೆ ಒಣನೆಲವಾಗಿದ್ದ ಆ ಜಾಗದಲ್ಲಿ, ನಮಗೆ ಮೊಣಕೈವರೆಗೆ ನೀರು ಕಾಣುತ್ತಿದ್ದ ಕಡೆ ಕೈಯಿಟ್ಟ. ಓದಿದ. ಮೊದಲೆರಡು ಸಾಲು ಗೊಣಗಿದ. ‘ಕೇಳಿಸ್ತಿಲ್ಲ’ ಅಂತ ಒಳಗಿಂದ ಅತ್ತಿಗೆ ಕೂಗಿದಳು. ನಡುಮನೆ ಕಿಟಕಿಯ ಪಕ್ಕಕ್ಕೇ ಮಂಚ ಹಾಕಿದ್ದೆ. ಅವನು ಮೊದಲಿಂದ ಗಟ್ಟಿಯಾಗಿ ಓದಿದ. ‘ಸೋರಿದರೂ ನನ್ನದು’ ಅಂದದ್ದೇ ತಡ, ಬಂತು.

ಮೊದಲು ಬೂಟು ತುಂಬಿತು. ಆಮೇಲೆ ಪಂಚೆ, ಅಂಗಿ, ತಲೆ. ಒಂದು ತಿಂಗಳಲ್ಲಿ ಅವನು ಒಣಗಿದ ಹಾಗೇ ದಾಟಿದ ಅಷ್ಟೂ ನೀರು ಅವನನ್ನು ಕೂತಲ್ಲೇ ಹಿಡಿದು ತೊಯ್ಯಿಸಿತು. ನಾನು ಆವತ್ತು ಮುಖಕ್ಕೆ ಎರಚಿದ್ದ ಬೊಗಸೆ ಕೆಸರು ಈಗ ಬಂದು ಪಟಾರನೆ ಬಡಿಯಿತು. ಹೆಗಲ ಮೇಲೆ ಒದ್ದೆ ಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು, ಒಂದು ಗೋಡೆಯ ಅರ್ಧದಷ್ಟು. ಅವನು ಕಾಲು ಹಿಡಿದುಕೊಂಡು ಅಮ್ಮಾ ಅಂತ ಕೂಗಿದ, ಮಂಚದ ಕಾಲು ಮುರಿದ ಕಡೆಯೇ ಇರಬೇಕು. ಜೆಇ ಹೌಹಾರಿ ಹಿಂದೆ ಸರಿದು, ‘ಎಲ್ಲಿಂದ ಬಂತು ಇದು? ಮಳೆಯೇ ಇಲ್ಲವಲ್ಲ!’ ಅಂದರು. ಅವರ ಬೂಟು ಆಗಲೂ ಒಣಗಿತ್ತು.

ಗುರುಮಲ್ಲಪ್ಪ ಕೆಸರಿನಲ್ಲಿ ಕೂತು, ಮುಖ ಒರೆಸಿಕೊಂಡು, ಮೊದಲ ಸಲ ಸಂದಿಯನ್ನು ನೋಡಿದ. ಉಕ್ಕುತ್ತಿದ್ದ ಜಾಯಿಂಟು, ಕೊಚ್ಚಿಹೋದ ನೆಲ, ಗೋಡೆಯಿಲ್ಲದ ಕೋಣೆ, ಕೋಣೆಯೊಳಗೆ ಮಣ್ಣು ತುಂಬಿದ ತಗಡಿನ ಟ್ರಂಕು. ‘ಇಷ್ಟಿತ್ತಾ?’ ಅಂದ. ಹನೀಫ ತಂಬಿಗೆ ಕೊಟ್ಟ. ಅವನು ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿದ. ನನಗೆ ಅಯ್ಯೋ ಅನಿಸಬೇಕಾಗಿತ್ತು, ಅನಿಸಲಿಲ್ಲ. ಅವನು ಕುಡಿದು ಮುಗಿಸುವವರೆಗೆ ಪೆನ್ನು ಹಿಡಿದು ಕಾದೆ, ಆಮೇಲೆ ಹಾಳೆಯ ಕೆಳಗೆ ಬೆರಳಿಟ್ಟು ತೋರಿಸಿದೆ. ಒದ್ದೆ ಕೈಯಲ್ಲೇ ಸಹಿ ಹಾಕಿದ.

‘ಹಾಕಿದನಾ?’ ಅಂದಳು ಅತ್ತಿಗೆ ಕಿಟಕಿಯಿಂದ.

‘ಹಾಕಿದ.’

‘ಓದಿ ಹಾಕಿದನಾ?’

‘ಓದೇ ಹಾಕಿದ ಅತ್ತಿಗೆ.’

‘ಸರಿ, ಹಾಗಾದರೆ ಆ ಟ್ರಂಕು ತಗೊಂಡು ಬಾ’ ಅಂದಳು. ‘ನಡುಮನೆಯಲ್ಲಿಡು.’